ನಾಲ್ಕು ಬೋಲ್ಟ್ ಬೇಕೇ ಬೇಕಾ? ನನ್ನ ಮೊದಲ ವಿ8ಗೆ ಬ್ಲಾಕ್ ಆರಿಸಿದ ಬಗೆ

ಹಳೆಯ ಕಾರಿಗೆ ಜೋರಾದ ಎಂಜಿನ್ ಕಟ್ಟಬೇಕು ಅಂತ ಹೊರಟವರು ಮೊದಲು ಕೇಳೋದು ಒಂದೇ ಪ್ರಶ್ನೆ: ಯಾವ ಬ್ಲಾಕ್ (ಸಿಲಿಂಡರ್‌ಗಳಿರುವ ಎಂಜಿನ್‌ನ ಮುಖ್ಯ ಎರಕ) ಗಟ್ಟಿ? ನಾನು ಈ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಟ್ಟು, ಮೊದಲು ಕಾರಿನಿಂದ ನನಗೆ ಏನು ಬೇಕು ಅಂತ ಕಾಗದದ ಮೇಲೆ ಬರೆದುಕೊಂಡೆ. ಕಾರು 1981ರ ಷೆವರ್ಲೆ ಮಾಲಿಬು. ಕಾರ್ಖಾನೆಯಿಂದ ಬಂದದ್ದು 3.8 ಲೀಟರ್ ವಿ6. ನಾನಿರೋದು ಡೆಟ್ರಾಯಿಟ್ ಹತ್ತಿರ. ಬೇಸಿಗೆಯಲ್ಲಿ ಓಡಿಸಬೇಕು, ಸಿಗ್ನಲ್‌ನಲ್ಲಿ ನಿಂತರೂ ಬಿಸಿಯಾಗಬಾರದು, ಬಂಕ್‌ನಲ್ಲಿ ಸಿಗುವ 93 ಆಕ್ಟೇನ್ ಪೆಟ್ರೋಲೇ ಸಾಕಾಗಬೇಕು. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಹತ್ತಿರ 400 ಎಚ್‌ಪಿ ಬಂದರೆ ನನಗೆ ತೃಪ್ತಿ. ಟರ್ಬೊ ಬೇಡ, ನೈಟ್ರಸ್ ಬೇಡ. ಇಷ್ಟು ಬರೆದ ಮೇಲೆ ಅರ್ಧ ಆಯ್ಕೆ ತಾನಾಗಿ ಮುಗಿಯಿತು.

ಸ್ನೇಹಿತರು ಬಹಳ ಜನ ಎಲ್‌ಎಸ್ (ಷೆವರ್ಲೆಯ ಈಚಿನ ಪೀಳಿಗೆಯ ವಿ8) ಹಾಕು ಅಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. 1999ರ ನಂತರದ ಷೆವರ್ಲೆ ಪಿಕಪ್‌ಗಳ 5.3 ಲೀಟರ್ ಕಬ್ಬಿಣದ ಬ್ಲಾಕ್ ಗುಜರಿಯಲ್ಲಿ ಸುಲಭವಾಗಿ ಸಿಗುತ್ತದೆ. ಅದರ ಒಂದೊಂದು ಮೇನ್ ಕ್ಯಾಪ್‌ಗೂ (ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿದಿಡುವ ಮುಚ್ಚಳ) ಆರು ಬೋಲ್ಟ್: ನಾಲ್ಕು ಕೆಳಗಿನಿಂದ, ಎರಡು ಅಡ್ಡಲಾಗಿ. ಟರ್ಬೊ ಹಾಕುವ ಯೋಚನೆ ಇದ್ದರೆ ನಾನೂ ಅದನ್ನೇ ತಗೋತಿದ್ದೆ. ಆದರೆ ಅದರ ಜೊತೆ ವೈರಿಂಗ್, ಕಂಪ್ಯೂಟರ್, ಹೆಚ್ಚು ಒತ್ತಡದ ಪೆಟ್ರೋಲ್ ಪಂಪ್, ಬೇರೆ ಆಯಿಲ್ ಪ್ಯಾನ್, ಬೇರೆ ಮೌಂಟ್ ಎಲ್ಲ ಬರುತ್ತವೆ. ಮೊದಲ ಸಲ ಕಟ್ಟುವವನಿಗೆ ಎಂಜಿನ್ ಒಳಗಿನ ಕೆಲಸವೇ ಸಾಕಷ್ಟಿರುತ್ತದೆ ಅಲ್ವಾ? ನನ್ನ ಮಾಲಿಬುವಿನ ವಿ6 ಕೂಡ ಷೆವರ್ಲೆಯ ಹಳೆಯ ಸ್ಮಾಲ್ ಬ್ಲಾಕ್ ವಿ8ನ ಕುಟುಂಬದ್ದೇ. ಹಾಗಾಗಿ ಮೌಂಟು, ಗೇರ್‌ಬಾಕ್ಸ್ ಕೂರುವ ಜಾಗ ಎಲ್ಲ ಹೊಂದುತ್ತವೆ. ಸ್ಮಾಲ್ ಬ್ಲಾಕ್ 350 (ಘನ ಇಂಚು) ಅಂತ ತೀರ್ಮಾನ ಮಾಡಿದೆ. ಬೋರ್ (ಸಿಲಿಂಡರ್ ವ್ಯಾಸ) 4 ಇಂಚು, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 3.48 ಇಂಚು, ಅಂದರೆ 5.7 ಲೀಟರ್.

400 ಘನ ಇಂಚಿನ ಬ್ಲಾಕ್ ಕೂಡ ನೋಡಿದೆ, ಬಿಟ್ಟೆ. ಅದರ ಬೋರ್ 4.125 ಇಂಚು. ಪಕ್ಕಪಕ್ಕದ ಸಿಲಿಂಡರ್‌ಗಳು ಅಂಟಿಕೊಂಡಿರುತ್ತವೆ, ನಡುವೆ ನೀರು ಹರಿಯೋದಿಲ್ಲ. ಸಿಗ್ನಲ್‌ನಲ್ಲಿ ನಿಲ್ಲುವ ಕಾರಿಗೆ ನನಗೆ ಅದು ಬೇಡವಾಗಿತ್ತು. ಹೊಸದಾಗಿ ಎರಕ ಹೊಯ್ದ ಡಾರ್ಟ್ ಕಂಪನಿಯ ಬ್ಲಾಕ್ ಇಲ್ಲೇ ಮಿಶಿಗನ್‌ನದ್ದು, ತುಂಬಾ ಚೆನ್ನಾಗಿದೆ. ಆದರೆ 400 ಎಚ್‌ಪಿಗೆ ಅಷ್ಟು ದುಡ್ಡು ಸುರಿಯೋದು ಬೇಡ ಅನ್ನಿಸಿತು.

ಈಗ ನಾಲ್ಕು ಬೋಲ್ಟಿನ ವಿಷಯ. 350 ಮಾರುವವರೆಲ್ಲ ಬಾಯಿ ತೆರೆದ ಕೂಡಲೇ ಹೇಳೋದು ಅದನ್ನೇ. ಕಾರ್ಖಾನೆಯ ನಾಲ್ಕು ಬೋಲ್ಟ್ ಬ್ಲಾಕಿನಲ್ಲಿ ನಡುವಿನ ಮೂರು ಮೇನ್ ಕ್ಯಾಪ್‌ಗಳಿಗೆ ಮಾತ್ರ ನಾಲ್ಕು ಬೋಲ್ಟ್ ಇರುತ್ತವೆ. ತುದಿಯ ಎರಡಕ್ಕೆ ಎರಡೇ. ಹೊರಗಿನಿಂದ ನೋಡಿ ಇದನ್ನು ಹೇಳಲು ಆಗೋದಿಲ್ಲ. ಎರಕದ ನಂಬರ್ ಒಂದೇ ಇದ್ದರೂ ಒಂದು ಬ್ಲಾಕ್ ಎರಡು ಬೋಲ್ಟಿನದು, ಇನ್ನೊಂದು ನಾಲ್ಕು ಬೋಲ್ಟಿನದು ಆಗಿರಬಹುದು. ಆಯಿಲ್ ಪ್ಯಾನ್ ಬಿಚ್ಚಿ ಕಣ್ಣಾರೆ ನೋಡಬೇಕು. ನನ್ನ ಅಭಿಪ್ರಾಯ ಸ್ಪಷ್ಟ: 400 ಎಚ್‌ಪಿ, 6000 ಆರ್‌ಪಿಎಂ ಒಳಗೆ ತಿರುಗುವ ರಸ್ತೆ ಎಂಜಿನ್‌ಗೆ ಬಿರುಕಿಲ್ಲದ, ಗೋಡೆ ದಪ್ಪ ಇರುವ ಎರಡು ಬೋಲ್ಟಿನ ಬ್ಲಾಕ್ ಸಾಕು. ಗೋಡೆ ತೆಳುವಾದ ನಾಲ್ಕು ಬೋಲ್ಟಿನದಕ್ಕೆ ಜಾಸ್ತಿ ದುಡ್ಡು ಕೊಡೋದು ಸುಮ್ನೆ ನಷ್ಟ.

ನಾನು ನಿಜವಾಗಿ ಹುಡುಕಿದ್ದು ರೋಲರ್ ಕ್ಯಾಮ್‌ಗೆ ಜಾಗ ಇರುವ ಬ್ಲಾಕನ್ನು. ಕ್ಯಾಮ್ ಅಂದರೆ ವಾಲ್ವ್ ತೆರೆಯುವ ದಂಡ, ಲಿಫ್ಟರ್ ಅಂದರೆ ಅದರ ತಳ್ಳನ್ನು ವಾಲ್ವ್ ಕಡೆಗೆ ಮುಟ್ಟಿಸುವ ತುಂಡು. ಹಳೆಯ 350ರಲ್ಲಿ ಕ್ಯಾಮ್ ಮೇಲೆ ಚಪ್ಪಟೆ ಲಿಫ್ಟರ್ ಉಜ್ಜುತ್ತಾ ಹೋಗುತ್ತದೆ. ಆ ಉಜ್ಜಾಟ ತಡೆಯಲು ಆಯಿಲ್‌ನಲ್ಲಿ ಸತು ಮತ್ತು ರಂಜಕ ಸೇರಿದ ಪದಾರ್ಥ ಬೇಕು. ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಬಾರದು ಅಂತ ಆಯಿಲ್‌ನಲ್ಲಿ ಅದನ್ನು ಕಡಿಮೆ ಮಾಡುತ್ತಾ ಬಂದರು. 2004ರಲ್ಲಿ ಬಂದ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಸ್‌ಎಂ ದರ್ಜೆಯಲ್ಲಿ, ಕಾರಿಗೆ ಹಾಕುವ ತೆಳು ಆಯಿಲ್‌ಗಳಿಗೆ ರಂಜಕದ ಮಿತಿ ಶೇಕಡ 0.08. ಉಜ್ಜುವ ಬದಲು ಉರುಳುವ ರೋಲರ್ ಲಿಫ್ಟರ್ ಆದರೆ ಈ ತಲೆನೋವು ಇಲ್ಲ. 1987ರಿಂದ ಷೆವರ್ಲೆ ಕಾರುಗಳ 350ಗೆ ಕಾರ್ಖಾನೆಯಲ್ಲೇ ರೋಲರ್ ಕ್ಯಾಮ್ ಬಂತು. ಎರಕದ ನಂಬರಿನ ಕೊನೆ 638 ಇರುವ ಬ್ಲಾಕ್ ಆ ಕಾಲದ್ದು. 1996ರ ನಂತರದ ಪಿಕಪ್‌ಗಳ ವೋರ್ಟೆಕ್ ಎಂಜಿನ್‌ನ 880 ಕೂಡ ಚೆನ್ನಾಗಿದೆ. ಆದರೆ ಒಂದು ಎಚ್ಚರ: 638 ಪಿಕಪ್‌ಗಳಿಗೂ ಹೋಗಿದೆ. ಅವುಗಳಲ್ಲಿ ಲಿಫ್ಟರ್ ಹಿಡಿದಿಡುವ ತಟ್ಟೆಗೆ ಗುಬುಟು (ಉಬ್ಬಿದ ಎರಕ) ಇರುತ್ತದೆ, ತೂತು ಕೊರೆದಿರೋದಿಲ್ಲ. ಇನ್‌ಟೇಕ್ ಬಿಚ್ಚಿದ ಬ್ಲಾಕಿನಲ್ಲಿ ಎರಡು ಸಾಲು ಸಿಲಿಂಡರ್‌ಗಳ ನಡುವಿನ ಕಣಿವೆಗೆ ಟಾರ್ಚ್ ಬಿಟ್ಟು ನೋಡಿದರೆ ತಿಳಿಯುತ್ತದೆ. ನಾನು ತೂತು ಕೊರೆದ 638 ಸಿಗುವವರೆಗೆ ಕಾದೆ. ಸಿಕ್ಕಿದ್ದು ಎರಡು ಬೋಲ್ಟಿನದು.

ನಂಬರ್ ಇರೋದು ಬ್ಲಾಕಿನ ಹಿಂಭಾಗ, ಡ್ರೈವರ್ ಕಡೆ, ಗೇರ್‌ಬಾಕ್ಸ್ ಕೂರುವ ಅಂಚಿನ ಮೇಲೆ. ತಂತಿ ಬ್ರಷ್ ಇಲ್ಲದೆ ಓದಲಾಗೋದಿಲ್ಲ. ಮುಂದೆ ಬಲಗಡೆ ಹೆಡ್ ಕೆಳಗಿನ ಚಪ್ಪಟೆ ಜಾಗದಲ್ಲಿ ಇನ್ನೊಂದು ಒತ್ತು ಗುರುತು ಇರುತ್ತದೆ. ಅದು ವಿ ಅಕ್ಷರದಿಂದ ಶುರುವಾದರೆ ಎಂಜಿನ್ ಜೋಡಿಸಿದ್ದು ಮಿಶಿಗನ್‌ನ ಫ್ಲಿಂಟ್‌ ಊರಿನಲ್ಲಿ. ಪಿಸ್ಟನ್ ತಲೆಯ ಮೇಲೆ 030 ಅಂತ ಇದ್ದರೆ ಯಾರೋ ಆಗಲೇ ಸಿಲಿಂಡರ್ ಕೊರೆಸಿ 0.030 ಇಂಚು ಅಗಲ ಮಾಡಿಸಿದ್ದಾರೆ, ಅಂದರೆ ಬೋರ್ ಮಾಡಿಸಿದ್ದಾರೆ ಅಂತ ಅರ್ಥ. ಇಲ್ಲಿನ ಚಳಿಯಲ್ಲಿ ಬರೀ ನೀರು ತುಂಬಿ ನಿಂತ ಎಂಜಿನ್ ಹೆಪ್ಪುಗಟ್ಟಿ ಬಿರುಕು ಬಿಡುತ್ತದೆ. ಅದಕ್ಕೇ ಲಿಫ್ಟರ್ ಕಣಿವೆ ಮತ್ತು ಬ್ಲಾಕಿನ ಹೊರಗೋಡೆಯನ್ನು ನಾನು ಬಹಳ ಹೊತ್ತು ನೋಡಿದೆ.

ಉಳಿದದ್ದೆಲ್ಲ ಮೆಷಿನ್ ಶಾಪ್‌ನ ಕೆಲಸ, ನಿಜವಾದ ಖರ್ಚೂ ಅಲ್ಲೇ. ಬೆಂಗಳೂರಿನ ಜೆ.ಸಿ. ರೋಡ್ ಕಡೆ ಎಂಜಿನ್ ಬೋರ್ ಮಾಡಿಸಿದವರಿಗೆ ಇದರ ಮೊದಲ ಪಾಠ ಗೊತ್ತೇ ಇರುತ್ತದೆ. ಬ್ಲಾಕನ್ನು ಬಿಸಿ ತೊಟ್ಟಿಯಲ್ಲಿ ತೊಳೆಸಿ, ಕಾಂತದ ಪುಡಿ ಹಾಕಿ ಬಿರುಕು ಹುಡುಕಿಸಿದೆ. ಆಮೇಲೆ ಸೋನಿಕ್ ಟೆಸ್ಟ್, ಅಂದರೆ ಶಬ್ದದ ಅಲೆಯಿಂದ ಗೋಡೆಯ ದಪ್ಪ ಅಳೆಯೋದು. ಇದನ್ನು ಬಿಡಲೇಬೇಡಿ. ಎರಕ ಹೊಯ್ಯುವಾಗ ಒಳಗಿನ ಮರಳಿನ ಅಚ್ಚು ಸ್ವಲ್ಪ ಸರಿದರೂ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಆಗುತ್ತದೆ. ಹಾಗಾಗಿ ಒಂದೇ ನಂಬರಿನ ಎರಡು ಬ್ಲಾಕ್‌ಗಳು ಒಂದೇ ಥರ ಇರೋದಿಲ್ಲ. ಉರಿದ ಗ್ಯಾಸ್ ಪಿಸ್ಟನ್ ಅನ್ನು ಕೆಳಗೆ ದಬ್ಬುವಾಗ ಅದು ಒಂದು ಪಕ್ಕದ ಗೋಡೆಗೆ ಒರಗುತ್ತದೆ. ಆ ಪಕ್ಕ ದಪ್ಪ ಇರಬೇಕು. ನನ್ನದರಲ್ಲಿ ಇತ್ತು. 0.030 ಇಂಚು ಬೋರ್ ಮಾಡಿದರೆ ವ್ಯಾಸ 0.76 ಮಿಲಿಮೀಟರ್ ಹೆಚ್ಚುತ್ತದೆ, ಗೋಡೆಯಿಂದ ಹೋಗೋದು ಅದರ ಅರ್ಧ. ಸವೆತ ಹೋಗಲು ಅಷ್ಟು ಸಾಕಾಯಿತು. 0.060ಕ್ಕೆ ಹೋಗಲಿಲ್ಲ. ಗೋಡೆ ದಪ್ಪ ಉಳಿದರೆ ಇನ್ನೊಂದು ಸಲ ಬೋರ್ ಮಾಡಿಸಬಹುದು.

ಹೋನಿಂಗ್ (ಸಿಲಿಂಡರ್ ಒಳಗೋಡೆಯನ್ನು ನಯವಾಗಿ ಉಜ್ಜೋದು) ಮಾಡುವಾಗ ಹೆಡ್ ಜಾಗದಲ್ಲಿ ದಪ್ಪ ಉಕ್ಕಿನ ತಟ್ಟೆ ಬಿಗಿಸಿ ಮಾಡಿಸಿದೆ. ಹೆಡ್ ಬೋಲ್ಟ್ ಬಿಗಿದಾಗ ಸಿಲಿಂಡರ್ ಸ್ವಲ್ಪ ಸೊಟ್ಟಗಾಗುತ್ತದೆ. ಆ ಸೊಟ್ಟದಲ್ಲೇ ಹೋನ್ ಮಾಡಿದರೆ ಎಂಜಿನ್ ಜೋಡಿಸಿದ ಮೇಲೆ ಸಿಲಿಂಡರ್ ಗುಂಡಗಿರುತ್ತದೆ. ಮೇನ್ ಕ್ಯಾಪ್‌ಗೆ ಬೋಲ್ಟ್ ಬದಲು ಸ್ಟಡ್ ಹಾಕಿಸಿದೆ. ಬಿಗಿತ ಬದಲಾಗಿದ್ದರಿಂದ ಲೈನ್ ಹೋನ್ (ಕ್ರ್ಯಾಂಕ್ ಕೂರುವ ತೂತುಗಳನ್ನು ಒಂದೇ ಸಾಲಿಗೆ ತರೋದು) ಕೂಡ ಬೇಕಾಯಿತು. ಕಾರ್ಖಾನೆಯ ಲೆಕ್ಕದಲ್ಲಿ ಪಿಸ್ಟನ್ ಮೇಲೆ ಬಂದಾಗ ಡೆಕ್‌ಗಿಂತ (ಬ್ಲಾಕಿನಲ್ಲಿ ಹೆಡ್ ಕೂರುವ ಮೇಲ್ಮೈ) ಸುಮಾರು 0.6 ಮಿಲಿಮೀಟರ್ ಕೆಳಗೇ ನಿಲ್ಲುತ್ತದೆ. ಡೆಕ್ ಕಡೆಸಿ ಅದನ್ನು ಸಮ ಮಾಡಿಸಿದೆ. ಗ್ಯಾಸ್ಕೆಟ್ ಸೇರಿ ಪಿಸ್ಟನ್‌ಗೂ ಹೆಡ್‌ಗೂ ನಡುವೆ ಸುಮಾರು ಒಂದು ಮಿಲಿಮೀಟರ್ ಉಳಿಯಿತು. ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ಸಿಡಿಯೋದು) ತಡೆಯಲು ಇದಕ್ಕಿಂತ ಅಗ್ಗದ ದಾರಿ ನನಗೆ ಕಾಣಲಿಲ್ಲ.

638 ತಗೊಳ್ಳುವವರು ಬಿಡಿಭಾಗ ಆರ್ಡರ್ ಮಾಡುವ ಮುನ್ನ ಇದೊಂದು ನೋಡಿಕೊಳ್ಳಿ. 1986ರಿಂದ ಕ್ರ್ಯಾಂಕಿನ ಹಿಂಬದಿಯ ಆಯಿಲ್ ಸೀಲ್ ಒಂದೇ ತುಂಡಿನದಾಯಿತು. ಕ್ರ್ಯಾಂಕಿನ ಹಿಂದಿನ ಬೋಲ್ಟ್ ವೃತ್ತವೂ ಚಿಕ್ಕದಾಯಿತು. ಹಳೆಯ 350ರ ಫ್ಲೆಕ್ಸ್‌ಪ್ಲೇಟ್ (ಕ್ರ್ಯಾಂಕನ್ನು ಗೇರ್‌ಬಾಕ್ಸ್‌ಗೆ ಸೇರಿಸುವ ತಟ್ಟೆ) ಅದಕ್ಕೆ ಕೂರೋದಿಲ್ಲ, ತೂಕ ಸೇರಿಸಿದ ಬೇರೆಯದೇ ಬೇಕು. 3.75 ಇಂಚಿನ ಸ್ಟ್ರೋಕ್ ಇರುವ ಕ್ರ್ಯಾಂಕ್ ಹಾಕಿದರೆ ಇದೇ 0.030 ಬೋರಿನಲ್ಲಿ 383 ಘನ ಇಂಚು ಆಗುತ್ತದೆ. ಅದಕ್ಕೆ ಪ್ಯಾನ್ ಅಂಚಿನ ಹತ್ತಿರ ಬ್ಲಾಕನ್ನು ಸ್ವಲ್ಪ ಉಜ್ಜಿ ರಾಡ್ ಬೋಲ್ಟ್‌ಗೆ ಜಾಗ ಮಾಡಬೇಕಾಗಬಹುದು. ನಾನು ಸದ್ಯಕ್ಕೆ 3.48ರ ಕ್ರ್ಯಾಂಕನ್ನೇ ಹಾಕಿದ್ದೇನೆ.