ಜ್ವರ ಹೋದರೂ ಸುಸ್ತು ಬಿಡದ ಮಕ್ಕಳಿಗೆ ನಾನು ಕೇಳುವ ಪ್ರಶ್ನೆ

ನಾನು ಮಕ್ಕಳ ಡಾಕ್ಟರ್. ವೈರಸ್ ಜ್ವರ ಬಂದು ಹೋಗಿ ತಿಂಗಳುಗಳಾದರೂ ಚೇತರಿಸಿಕೊಳ್ಳದ ಮಕ್ಕಳನ್ನು, ಕಾಲೇಜು ಓದುವವರನ್ನು ನೋಡುವುದೇ ಈಗ ನನ್ನ ಕೆಲಸದ ದೊಡ್ಡ ಪಾಲು. ನನ್ನ ಹತ್ತಿರ ಬರುವಾಗ ಅವರ ಕೈಯಲ್ಲಿ ರಿಪೋರ್ಟುಗಳ ಕಟ್ಟು ಇರುತ್ತದೆ. ಎಲ್ಲವೂ ನಾರ್ಮಲ್. ಜೊತೆಗೆ "ಏನೂ ಇಲ್ಲ, ಸುಮ್ನೆ ಸೋಮಾರಿತನ" ಅಂತ ಯಾರೋ ಅಂದ ಮಾತೂ ಬಂದಿರುತ್ತದೆ. ಆ ಮಾತು ಮಕ್ಕಳಿಗೆ ಸುಸ್ತಿಗಿಂತ ಜಾಸ್ತಿ ನೋವು ಕೊಟ್ಟಿರುತ್ತದೆ.

ನನ್ನ ಮೊದಲ ಪ್ರಶ್ನೆ ಇದು: ಜಾಸ್ತಿ ಓಡಾಡಿದ ಮರುದಿನ ಹೇಗಿತ್ತು? ಮಾಮೂಲಿ ಸುಸ್ತು ಒಳ್ಳೆಯ ನಿದ್ದೆ ಮಾಡಿದರೆ ಹೋಗುತ್ತದೆ. ಇದು ಹೋಗುವುದಿಲ್ಲ. ಹಲವರಲ್ಲಿ ಶ್ರಮವಾದ 12ರಿಂದ 48 ಗಂಟೆ ಬಿಟ್ಟು ಹೊಡೆತ ಬೀಳುತ್ತದೆ. ಭಾನುವಾರ ಆಡಿ ನಕ್ಕ ಹುಡುಗಿ ಮಂಗಳವಾರ ಹಾಸಿಗೆಯಿಂದ ಏಳುವುದಿಲ್ಲ. ನಡುವೆ ಒಂದು ದಿನ ಚೆನ್ನಾಗಿಯೇ ಇದ್ದದ್ದರಿಂದ ಎರಡಕ್ಕೂ ಸಂಬಂಧವಿದೆ ಅಂತ ಮನೆಯವರಿಗೆ ಹೊಳೆಯುವುದಿಲ್ಲ. ಶ್ರಮ ಅಂದರೆ ಓಟ, ಆಟ ಮಾತ್ರ ಅಲ್ಲ. ಎರಡು ಗಂಟೆ ಪರೀಕ್ಷೆ ಬರೆದರೂ ಹೀಗೇ ಆಗಬಹುದು.

ಎದ್ದು ನಿಂತರೆ ತಲೆ ಸುತ್ತುತ್ತದೆ, ಎದೆ ಹೊಡೆದುಕೊಳ್ಳುತ್ತದೆ ಅಂದವರಿಗೆ ಅಲ್ಲೇ ಒಂದು ಪರೀಕ್ಷೆ ಮಾಡುತ್ತೇನೆ. ಸ್ವಲ್ಪ ಹೊತ್ತು ಮಲಗಿಸಿ ನಾಡಿ, ಬಿಪಿ ನೋಡುತ್ತೇನೆ. ಆಮೇಲೆ 10 ನಿಮಿಷ ನಿಲ್ಲಿಸಿ ನಿಮಿಷ ನಿಮಿಷಕ್ಕೂ ಎಣಿಸುತ್ತೇನೆ. ಬಿಪಿ ಬೀಳದೆ ನಾಡಿ ಮಾತ್ರ ಏರಿ ಹಾಗೇ ನಿಂತರೆ ಪಾಟ್ಸ್ (POTS), ಅಂದರೆ ಎದ್ದು ನಿಂತಾಗ ನಾಡಿ ಅತಿಯಾಗಿ ಏರುವ ತೊಂದರೆ, ಇರಬಹುದು. 12ರಿಂದ 19 ವರ್ಷದವರಲ್ಲಿ ಈ ಏರಿಕೆ ನಿಮಿಷಕ್ಕೆ ಕನಿಷ್ಠ 40 ಇರಬೇಕು, ಅದಕ್ಕಿಂತ ದೊಡ್ಡವರಲ್ಲಿ 30. ಕಾಗದದ ಮೇಲೆ ಆ ಅಂಕಿಗಳನ್ನು ಕಂಡಾಗ ಮಗುವಿನ ಮುಖವೇ ಬದಲಾಗುತ್ತದೆ. ತಾನು ಸುಳ್ಳು ಹೇಳುತ್ತಿಲ್ಲ ಅನ್ನುವುದಕ್ಕೆ ಪುರಾವೆ ಸಿಕ್ಕಿತಲ್ವಾ! ನೀರು, ಉಪ್ಪು, ಬಿಗಿಯಾದ ಕಾಲುಚೀಲದಿಂದ ಹಲವರಿಗೆ ಅನುಕೂಲವಾಗುತ್ತದೆ. ಉಪ್ಪು ಎಷ್ಟು ಅನ್ನುವುದನ್ನು ಮಾತ್ರ ಡಾಕ್ಟರೇ ಹೇಳಬೇಕು.

ಥೈರಾಯ್ಡ್, ರಕ್ತಹೀನತೆ, ಸಕ್ಕರೆ ಕಾಯಿಲೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತೇನೆ. ಎದೆನೋವು ಇದ್ದರೆ, ಓಡುವಾಗ ಪ್ರಜ್ಞೆ ತಪ್ಪಿದ್ದರೆ ಹೃದಯದ ಪರೀಕ್ಷೆ ಮೊದಲು, ಉಳಿದದ್ದೆಲ್ಲ ಆಮೇಲೆ. ಕೋವಿಡ್ ಆಗಿ 2ರಿಂದ 6 ವಾರದಲ್ಲಿ ಮತ್ತೆ ಜ್ವರ, ಮೈಮೇಲೆ ದದ್ದು, ಕೆಂಪು ಕಣ್ಣು, ಹೊಟ್ಟೆನೋವು ಕಾಣಿಸಿದರೆ ಅದು ಬೇರೆಯೇ ಕಾಯಿಲೆ ಇರಬಹುದು. ಆಗ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಜ್ವರದ ನಂತರ ಉಳಿಯುವ ಈ ಸುಸ್ತು ಕೋವಿಡ್‌ನಿಂದ ಶುರುವಾದದ್ದಲ್ಲ. ಎಪ್‌ಸ್ಟೀನ್-ಬಾರ್ ವೈರಸ್ಸಿನಿಂದ ಬರುವ, ಕತ್ತಿನ ಗ್ರಂಥಿಗಳು ಊದುವ ಗ್ರಂಥಿ ಜ್ವರದ ನಂತರವೂ ಹೀಗಾಗುವುದು ಹಿಂದಿನಿಂದ ಗೊತ್ತಿದೆ. ಆ ಜ್ವರ ಬಂದ 301 ಹದಿಹರೆಯದವರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. 6 ತಿಂಗಳಿಗೆ ಶೇ. 13ರಷ್ಟು ಮಂದಿಗೆ ದೀರ್ಘಕಾಲದ ಸುಸ್ತಿನ ಕಾಯಿಲೆ ಇತ್ತು. 2 ವರ್ಷಕ್ಕೆ ಅದು ಶೇ. 4ಕ್ಕೆ ಇಳಿದಿತ್ತು. ಈ ಇಳಿಕೆಯನ್ನು ನಾನು ಪ್ರತಿ ಮನೆಯವರಿಗೂ ಹೇಳುತ್ತೇನೆ. ಹೆಚ್ಚಿನವರು ಸುಧಾರಿಸುತ್ತಾರೆ, ಆದರೆ ನಿಧಾನವಾಗಿ.

"ದಿನಾ ಸ್ವಲ್ಪ ಜಾಸ್ತಿ ವ್ಯಾಯಾಮ ಮಾಡಿಸಿ, ಸರಿಹೋಗುತ್ತದೆ" ಅನ್ನುವ ಸಲಹೆಯನ್ನು ಮರುದಿನ ಕುಸಿಯುವ ಮಕ್ಕಳಿಗೆ ನಾನು ಕೊಡುವುದಿಲ್ಲ. ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯೂ ಈ ಸುಸ್ತಿನ ಕಾಯಿಲೆಗೆ ಇಂಥ ವ್ಯಾಯಾಮ ಬೇಡ ಎಂದು 2021ರಲ್ಲಿ ಹೇಳಿತು. ನಾನು ಮಾಡಿಸುವುದು ಬೇರೆ. ದಿನಕ್ಕೆ ಎರಡು ಸಾಲು ಬರೆದಿಡಲು ಹೇಳುತ್ತೇನೆ: ಏನು ಮಾಡಿದೆ, ಹೇಗಿದ್ದೆ. ಕೆಲವು ವಾರಗಳಲ್ಲಿ ಆ ಮಗುವಿನ ಮಿತಿ ಎಲ್ಲಿದೆ ಅಂತ ಕಾಣುತ್ತದೆ. ಅದಕ್ಕಿಂತ ಸ್ವಲ್ಪ ಕೆಳಗೇ ದಿನಚರಿ ಇಡುತ್ತೇವೆ. ಚೆನ್ನಾಗಿರುವ ದಿನವೂ ಅಷ್ಟೇ. ಇದೇ ಎಲ್ಲಕ್ಕಿಂತ ಕಷ್ಟ, ಅದರಲ್ಲೂ ಇಪ್ಪತ್ತರ ವಯಸ್ಸಿನವರಿಗೆ. ಕುಸಿತವಿಲ್ಲದೆ ಕೆಲವು ವಾರ ಕಳೆದರೆ ಒಂದೇ ಒಂದು ಕೆಲಸ ಸೇರಿಸುತ್ತೇವೆ. ಅದು ಹೋಂವರ್ಕ್ ಆಗಿರಬಾರದು ಅಂತ ನಾನು ಹಟ ಹಿಡಿಯುತ್ತೇನೆ. ಗೆಳೆಯರ ಜೊತೆ ಅರ್ಧ ಗಂಟೆ ಮಾತು, ಇಲ್ಲವೇ ಮಗುವಿಗೆ ಇಷ್ಟವಾದ ಇನ್ನೇನೋ ಮೊದಲು ವಾಪಸ್ ಬರಬೇಕು. ಶಾಲೆಗೆ ಪತ್ರವನ್ನು ನಾನೇ ಬರೆಯುತ್ತೇನೆ: ಅರ್ಧ ದಿನ ಬಂದರೆ ಸಾಕು, ಮಲಗಲು ಒಂದು ಜಾಗ ಕೊಡಿ, ಪರೀಕ್ಷೆಗೆ ಹೆಚ್ಚು ಸಮಯ ಕೊಡಿ, ಆಟಕ್ಕೆ ಒತ್ತಾಯ ಬೇಡ.