ಬ್ಲಡ್ ಡೋನರ್‌ಗಳಲ್ಲಿ ಹಳೇ ಹೆಪಟೈಟಿಸ್ ಬಿ ಹುಡುಕಿದ್ದು: ನನ್ನ ಅನುಭವ

ಮೈಸೂರಿನ ಒಂದು ಬ್ಲಡ್ ಬ್ಯಾಂಕಲ್ಲಿ ಲ್ಯಾಬ್ ಟೆಕ್ನಿಷಿಯನ್ ನಾನು. ಪ್ರತಿ ಬ್ಯಾಗಿಗೂ ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್, ಮಲೇರಿಯಾ ಟೆಸ್ಟ್ ಕಡ್ಡಾಯ. ಆದ್ರೆ ಬಿ ಗೆ ಕಡ್ಡಾಯ ಇರೋದು ವೈರಸ್ಸಿನ ಹೊರಮೈ ಪ್ರೋಟೀನ್ ಹುಡುಕೋ ಎಚ್‌ಬಿಎಸ್‌ಎಜಿ ಟೆಸ್ಟ್ ಮಾತ್ರ, ಅದು ಈಗ ಸೋಂಕು ಇದ್ಯಾ ಅಂತ ಹೇಳುತ್ತೆ, ಯಾವತ್ತೋ ಬಂದು ವಾಸಿಯಾಗಿದ್ರೆ ಅದಕ್ಕೆ ಸಿಗಲ್ಲ. ಅದನ್ನ ಹಿಡಿಯೋಕೆ ಆಂಟಿ-ಎಚ್‌ಬಿಸಿ ಮಾಡ್ಬೇಕು, ಅಂದ್ರೆ ವೈರಸ್ಸಿನ ಒಳಭಾಗದ (ಕೋರ್) ವಿರುದ್ಧ ದೇಹ ಮಾಡ್ಕೊಂಡ ಆಂಟಿಬಾಡಿ ಹುಡುಕೋ ಟೆಸ್ಟ್, ನಾವು ಬಾಯಲ್ಲಿ ಕೋರ್ ಅಂತೀವಿ. ನಮ್ ಪಿಜಿ ಡಾಕ್ಟರೊಬ್ರು ಥೀಸಿಸ್‌ಗೆ ಇದನ್ನೇ ತಗೊಂಡ್ರು, ಎಥಿಕ್ಸ್ ಕಮಿಟಿದೆಲ್ಲ ಮುಗಿದ್ಮೇಲೆ ಪ್ಲೇಟ್ ಹಾಕೋದು ನನ್ ಪಾಲಿಗೆ ಬಂತು.

ನಮ್ ಕಿಟ್ಟು ಕಾಂಪಿಟಿಟಿವ್ ಎಲಿಸಾ, ಅಂದ್ರೆ ಡೋನರ್ ಆಂಟಿಬಾಡಿನೂ ಕಿಟ್ಟಿನ ಆಂಟಿಬಾಡಿನೂ ಒಂದೇ ಜಾಗಕ್ಕೆ ಪೈಪೋಟಿ ಮಾಡೋ, ಬಣ್ಣ ನೋಡಿ ಓದೋ ಟೆಸ್ಟ್. ಎಚ್‌ಬಿಎಸ್‌ಎಜಿಲಿ ಬಣ್ಣ ಬಂದ್ರೆ ಪಾಸಿಟಿವ್, ಇಲ್ಲಿ ಉಲ್ಟಾ. ಡೋನರ್ ಆಂಟಿಬಾಡಿ ಬಸ್ಸಲ್ಲಿ ಟವೆಲ್ ಹಾಕ್ದಂಗೆ ಮೊದ್ಲೇ ಜಾಗ ಹಿಡಿದ್ಬಿಟ್ರೆ ಕಿಟ್ಟಿನ ಆಂಟಿಬಾಡಿ ಕೂರೋಕೆ ಆಗಲ್ಲ, ಬಣ್ಣಾನೂ ಬರಲ್ಲ. ಸ್ಟಾಪ್ ಸಲ್ಯೂಷನ್ ಹಾಕಿದ್ಮೇಲೆ 96 ವೆಲ್ (ಸಣ್ಣ ಗುಂಡಿ) ಇರೋ ಪ್ಲೇಟ್ ಪೂರ್ತಿ ಹಳದಿ, ನಡುನಡುವೆ ಅಲ್ಲೊಂದು ಇಲ್ಲೊಂದು ಬಿಳಿಚ್ಕೊಂಡಿರೋ ವೆಲ್. ಅವೇ ಹಳೇ ಸೋಂಕು. ನಮ್ ದೇಶದ ಡೋನರ್‌ಗಳಲ್ಲಿ ಇದು ನೂರಕ್ಕೆ ಹತ್ತರ ಆಸುಪಾಸು, ಕೆಲವು ಕಡೆ ಇನ್ನೂ ಜಾಸ್ತಿ, ಎಚ್‌ಬಿಎಸ್‌ಎಜಿ ಆದ್ರೆ ನೂರಕ್ಕೆ ಒಂದೆರಡು ಅಷ್ಟೆ.

ಮದ್ದೂರು ಕಡೆಯ ಡೋನರೊಬ್ರು ರಿಪೋರ್ಟ್ ನೋಡಿ "ನಂಗ್ಯಾವತ್ತೂ ಕಾಮಾಲೆನೇ ಬಂದಿಲ್ವಲ್ಲ ಮೇಡಂ, ಇದೆಂಗೆ?" ಅಂದ್ರು. ಬಿ ತುಂಬಾ ಜನಕ್ಕೆ ಸದ್ದಿಲ್ದೆ ಬಂದು ಹೋಗುತ್ತೆ. ಚಿಕ್ಕೋರಿದ್ದಾಗ ಕಾಮಾಲೆ ಆಗಿ ನೆಲನೆಲ್ಲಿ ರಸ ಕುಡ್ದಿದ್ದೆ ಅನ್ನೋರಿಗೆ ಬಂದಿದ್ದು ಸಾಮಾನ್ಯವಾಗಿ ನೀರಿಂದ ಬರೋ ಎ, ಅವ್ರ ಕೋರ್ ನೆಗೆಟಿವ್ ಇರಬಹುದು! "ಲಸಿಕೆ ತಗೊಂಡಿದ್ದಕ್ಕೆ ಹಿಂಗೆ ಬಂತಾ" ಅಂತಾನೂ ಕೇಳಿದ್ರು. ಇಲ್ಲ, ಲಸಿಕೆಲಿ ಬರೋದು ಆಂಟಿ-ಎಚ್‌ಬಿಎಸ್ (ಹೊರಮೈ ಪ್ರೋಟೀನ್ ವಿರುದ್ಧದ, ರಕ್ಷಣೆ ಕೊಡೋ ಆಂಟಿಬಾಡಿ) ಮಾತ್ರ, ಕೋರ್ ಬರಲ್ಲ. ಅದೂ ಅಲ್ದೆ ಸರ್ಕಾರಿ ಲಸಿಕೆ ಪಟ್ಟಿಗೆ ಬಿ ದೇಶ ಪೂರ್ತಿ ಸೇರಿದ್ದೇ 2011ರ ಹೊತ್ತಿಗೆ, ಈಗ ರಕ್ತ ಕೊಡೋರೆಲ್ಲ ಅದಕ್ಕೂ ಮುಂಚೆ ಹುಟ್ಟಿದೋರು.

ಕೋರ್ ಬಂದೋರಿಗೆಲ್ಲ ಮುಂದೆ ಆಂಟಿ-ಎಚ್‌ಬಿಎಸ್ ಮಾಡಿದ್ವಿ. ಅದೂ ಇದ್ರೆ ದೇಹ ಗೆದ್ದಿದೆ ಅಂತ, ಮದ್ದೂರಿನೋರಿಗೆ ಎರಡೂ ಇತ್ತು. ಕೋರ್ ಒಂದೇ ಬಂದ್ರೆ ತಲೆನೋವು, ಟೆಸ್ಟ್ ಸುಳ್ಳು ಹೇಳಿರಬಹುದು, ಇಲ್ಲಾ ಲಿವರಲ್ಲಿ ವೈರಸ್ ಅವಿತಿರಬಹುದು, ಅಂಥವನ್ನ ಡಿಎನ್‌ಎ ಟೆಸ್ಟ್‌ಗೆ ಕಳಿಸಿದ್ವಿ. ಎಲ್ರಿಗೂ ಕೋರ್ ಕಡ್ಡಾಯ ಮಾಡಿ ಪಾಸಿಟಿವ್ ಬಂದೋರನ್ನೆಲ್ಲ ಬೇಡ ಅಂದ್ರೆ ಹತ್ತು ಡೋನರ್‌ಗೆ ಒಬ್ರು ಹೋದಂಗೆ, ಏಪ್ರಿಲ್ ಮೇನಲ್ಲಿ ಕಾಲೇಜು ರಜೆ, ಕ್ಯಾಂಪ್ ಇಲ್ಲ, ಆಗ ಫ್ರಿಜ್ ತುಂಬೋದೆಂಗೆ? ನನ್ನ ಕೇಳಿದ್ರೆ ಆ ದುಡ್ಡನ್ನ ರಕ್ತದಲ್ಲಿ ವೈರಸ್ಸಿನ ಜೀನ್‌ನೇ ನೇರವಾಗಿ ಹುಡುಕೋ ನ್ಯಾಟ್ ಟೆಸ್ಟಿಗೆ ಹಾಕ್ಲಿ.