ಚಳಿರಾತ್ರಿಯಲ್ಲಿ ಎರಡು ಹೆಬ್ಬಾವುಗಳನ್ನು ಬೆಳಗಾವಿಗೆ ತಂದ ನನ್ನ ಅನುಭವ

2019ರ ಜನವರಿಯಲ್ಲಿ ಒಂದು ದಿನ ಬೆಳಗಿನ ಐದೂವರೆಗೆ ಬೆಳಗಾವಿಯ ಬಸ್ ನಿಲ್ದಾಣದ ಹೊರಗೆ ನಿಂತಿದ್ದೆ. ರಾತ್ರಿ ಬಸ್ಸಿನ ಡಿಕ್ಕಿಯಿಂದ ಕ್ಲೀನರ್ ತೆಗೆದುಕೊಟ್ಟ ಪ್ಲಾಸ್ಟಿಕ್ ಡಬ್ಬಿ ಕೈಗೆ ಬಂದಾಗ ಬಾವಿಯಿಂದ ಆಗಷ್ಟೇ ಸೇದಿದ ಕೊಡದ ಹಾಗೆ ತಣ್ಣಗಿತ್ತು. ಅದರೊಳಗೆ ಇದ್ದದ್ದು ಸುಮಾರು ನೂರೈವತ್ತು ಗ್ರಾಂ ತೂಕದ ಒಂದು ಬಾಲ್ ಪೈಥಾನ್ ಮರಿ. ಹೆದರಿದಾಗ ತಲೆಯನ್ನು ನಡುವೆ ಇಟ್ಟುಕೊಂಡು ಮೈಯನ್ನೆಲ್ಲ ಚೆಂಡಿನಂತೆ ಸುತ್ತಿಕೊಳ್ಳುವ ಸ್ವಭಾವದಿಂದಲೇ ಈ ಪಶ್ಚಿಮ ಆಫ್ರಿಕಾದ ಹೆಬ್ಬಾವಿಗೆ ಆ ಹೆಸರು ಬಂದಿದೆ. ಆದರೆ ನನ್ನ ಕೈಯಲ್ಲಿದ್ದ ಮರಿ ಚೆಂಡಾಗಿರಲಿಲ್ಲ. ಒದ್ದೆ ಕಾಗದದ ಮೇಲೆ ಹಗ್ಗದ ತುಂಡಿನಂತೆ ಉದ್ದಕ್ಕೆ ಬಿದ್ದಿತ್ತು, ಮುಟ್ಟಿದರೂ ಮುದುಡಲಿಲ್ಲ. ಎರಡನೆಯ ದಿನ ಉಸಿರಾಡುವಾಗ ಸಣ್ಣ ಸಿಳ್ಳೆಯಂಥ ಸದ್ದು ಕೇಳಿಸಿತು. ನಾಲ್ಕನೆಯ ದಿನ ಬಾಯಿಯ ಅಂಚಿನಲ್ಲಿ ನೊರೆ ಕಾಣಿಸಿತು. ಪಶುವೈದ್ಯರು ಮೂರು ದಿನಕ್ಕೊಂದರಂತೆ ಆಂಟಿಬಯಾಟಿಕ್ ಚುಚ್ಚುಮದ್ದು ಕೊಟ್ಟರು, ನಾನು ಹಗಲಿರುಳು ಕಾದೆ. ಇಪ್ಪತ್ತನೆಯ ದಿನ ಅದು ತೀರಿಕೊಂಡಿತು.

ಮಾರಿದವರು ಅದಕ್ಕೆ ಹಿಂದಿನ ದಿನವೇ ಇಲಿ ತಿನ್ನಿಸಿದ್ದರೆಂದು ಆಮೇಲೆ ತಿಳಿಯಿತು. ದಾರಿಯಲ್ಲಿ ಹಸಿದಿರಬಾರದೆಂಬ ಕನಿಕರದಿಂದ ಹಾಗೆ ಮಾಡಿದ್ದರಂತೆ. ಹಾವಿನ ಮೈ ತನ್ನ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುವುದಿಲ್ಲ, ಸುತ್ತಲಿನಿಂದ ಪಡೆಯುತ್ತದೆ. ಮೈ ತಣ್ಣಗಾದರೆ ಜೀರ್ಣಕ್ರಿಯೆ ನಿಲ್ಲುತ್ತದೆ, ಹೊಟ್ಟೆಯಲ್ಲಿರುವ ಇಲಿ ಅಲ್ಲಿಯೇ ಕೊಳೆಯತೊಡಗುತ್ತದೆ ಅಥವಾ ಹೊರಗೆ ಬರುತ್ತದೆ. ಮನುಷ್ಯರ ಪ್ರಯಾಣಕ್ಕೆ ಬುತ್ತಿ ಕಟ್ಟಿಕೊಡುವ ನಮ್ಮ ವಾತ್ಸಲ್ಯ ಹಾವಿನ ವಿಷಯದಲ್ಲಿ ಅಪಾಯವೇ ಆಗುತ್ತದೆ.

ಆದ್ದರಿಂದ 2024ರ ಡಿಸೆಂಬರ್‌ನಲ್ಲಿ, ಕೆಲಸದ ಮೇಲೆ ವಿದೇಶಕ್ಕೆ ಹೊರಟಿದ್ದ ಬೆಂಗಳೂರಿನ ಗೆಳೆಯರೊಬ್ಬರು ತಮ್ಮ ಎರಡು ಬಾಲ್ ಪೈಥಾನ್‌ಗಳನ್ನು ನನಗೆ ಒಪ್ಪಿಸುವುದಾಗಿ ಹೇಳಿ, "ಬಸ್ಸಿಗೆ ಹಾಕಿ ಕಳಿಸಲೇ?" ಎಂದು ಕೇಳಿದಾಗ, ನಾನೇ ಬರುತ್ತೇನೆಂದು ಕೂಡಲೇ ಉತ್ತರಿಸಿದೆ. ಅಮೆರಿಕದಲ್ಲಿ ಹಾವು ಸಾಕುವವರು ಒಬ್ಬರಿಂದೊಬ್ಬರಿಗೆ ಕೊರಿಯರ್ ಮೂಲಕ ಒಂದೇ ರಾತ್ರಿಯಲ್ಲಿ ಹಾವುಗಳನ್ನು ತಲುಪಿಸುತ್ತಾರೆ. ಅಲ್ಲಿನ ಅಂಚೆ ಇಲಾಖೆ ಹಾವುಗಳನ್ನು ತೆಗೆದುಕೊಳ್ಳುವುದಿಲ್ಲವಾದರೂ ಖಾಸಗಿ ವಿಮಾನ ಸಾಗಣೆಯ ವ್ಯವಸ್ಥೆ ಇದೆ, ಥರ್ಮೋಕೋಲ್ ಹೊದಿಕೆಯ ಪೆಟ್ಟಿಗೆಗಳೂ ನಲವತ್ತು ಗಂಟೆ ಬಿಸಿ ಕೊಡುವ ಪ್ಯಾಕ್‌ಗಳೂ ಸಿದ್ಧವಾಗಿ ಸಿಗುತ್ತವೆ. ಅವರ ಕ್ರಮದಿಂದ ನಾನು ಬಹಳ ಕಲಿತಿದ್ದೇನೆ. ಆದರೆ ನಮ್ಮಲ್ಲಿ ಬಸ್ಸಿನ ಡಿಕ್ಕಿಗೆ ಹಾಕಿದ ಪೆಟ್ಟಿಗೆಯ ಹೊಣೆ ದಾರಿಯುದ್ದಕ್ಕೂ ಯಾರದೂ ಅಲ್ಲ. ಜೀವವಿರುವ ವಸ್ತುವನ್ನು ಹಾಗೆ ಕಳಿಸುವುದು ತಪ್ಪು ಎಂದೇ ನನ್ನ ತೀರ್ಮಾನ.

ಕಾನೂನಿನ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ನಾಗರಹಾವು, ಕೇರೆಹಾವು, ನಮ್ಮ ಕಾಡಿನ ಹೆಬ್ಬಾವು, ಹೀಗೆ ಈ ನೆಲದ ಯಾವ ಹಾವನ್ನೂ ಮನೆಯಲ್ಲಿ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಬಾಲ್ ಪೈಥಾನ್ ವಿದೇಶಿ ಪ್ರಾಣಿಯಾದರೂ ಕಾಡುಪ್ರಾಣಿ, ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿರುವುದರಿಂದ, ಅದೇ ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ಫೆಬ್ರವರಿಯಲ್ಲಿ ಹೊರಬಂದ ನಿಯಮಗಳ ಪ್ರಕಾರ ಅದನ್ನು ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಲೇಬೇಕು. ಗೆಳೆಯರು ಎರಡನ್ನೂ ನೋಂದಾಯಿಸಿದ್ದರು. ಹಸ್ತಾಂತರದ ಅರ್ಜಿಯನ್ನು ಇಬ್ಬರೂ ಸೇರಿ ತುಂಬಿ, ಅದರ ಪ್ರತಿಯನ್ನು ಪ್ರಯಾಣದುದ್ದಕ್ಕೂ ಕಾರಿನಲ್ಲೇ ಇಟ್ಟುಕೊಂಡಿದ್ದೆವು.

ಹಗಲಿನಲ್ಲಿ ಬರುವುದಾಗಿದ್ದರೆ ಇಷ್ಟು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ಡಿಸೆಂಬರ್ ಹಗಲಿನ ಬಿಸಿಲೇ ಹಾವಿಗೆ ಹಿತವಾಗಿರುತ್ತದೆ. ಆದರೆ ಗೆಳೆಯರ ವಿಮಾನ ಆ ಶನಿವಾರ ರಾತ್ರಿಯೇ ಇತ್ತು, ಅವರ ಮನೆ ಖಾಲಿಯಾಗುವುದೂ ಅಂದೇ ಸಂಜೆ. ಹೀಗಾಗಿ ಸುಮಾರು 500 ಕಿಲೋಮೀಟರ್ ದಾರಿಯನ್ನು ಚಳಿಗಾಲದ ರಾತ್ರಿಯಲ್ಲೇ ಕ್ರಮಿಸಬೇಕಾಯಿತು. ಅದಕ್ಕೆ ಮೂರು ವಾರ ಮೊದಲೇ ಪೆಟ್ಟಿಗೆಯ ಪರೀಕ್ಷೆ ಆರಂಭಿಸಿದೆ.

ಔಷಧದ ಅಂಗಡಿಯವರು ಲಸಿಕೆ ತರಿಸಿಕೊಂಡು ಬದಿಗಿಟ್ಟಿದ್ದ, ಒಂದು ಅಂಗುಲ ದಪ್ಪ ಗೋಡೆಯ ಥರ್ಮೋಕೋಲ್ ಡಬ್ಬಿಯನ್ನು ಕೇಳಿ ತಂದೆ. ಜೊತೆಗೆ, ವೈರಿನ ತುದಿಯಲ್ಲಿ ಸಂವೇದಕವಿರುವ ಡಿಜಿಟಲ್ ಥರ್ಮಾಮೀಟರ್ ಕೊಂಡೆ. ಸಂವೇದಕ ಡಬ್ಬಿಯ ಒಳಗಿರುತ್ತದೆ, ಅಂಕಿ ಹೊರಗೆ ಕಾಣುತ್ತದೆ. ಈ ಸಾಗಣೆಯಲ್ಲಿ ನಾನು ಖರ್ಚು ಮಾಡಿದ ಹಣದಲ್ಲೆಲ್ಲ ಅತ್ಯಂತ ಸಾರ್ಥಕವಾದದ್ದು ಇದೇ. ಮುಚ್ಚಳ ತೆರೆದು ನೋಡಿದರೆ ಕಾಪಾಡಿದ ಬಿಸಿಯೆಲ್ಲ ಒಂದೇ ಕ್ಷಣದಲ್ಲಿ ಹೊರಟುಹೋಗುತ್ತದೆ.

ಮೊದಲ ಪರೀಕ್ಷೆಯನ್ನು ಹಿಮಪ್ರದೇಶಕ್ಕೆ ಹೋಗುವವರು ಜೇಬಿನಲ್ಲಿಟ್ಟುಕೊಳ್ಳುವ ಹೀಟ್ ಪ್ಯಾಕ್‌ಗಳಿಂದ ಮಾಡಿದೆ. ಖಾಲಿ ಡಬ್ಬಿಯೊಳಗೆ ಎರಡು ಪ್ಯಾಕ್ ಅಂಟಿಸಿ, ಚಳಿ ಒಳಗೆ ಹೋಗಬಾರದೆಂದು ಸುತ್ತಲೂ ಟೇಪ್ ಸುತ್ತಿ, ಟಿಳಕವಾಡಿಯ ನಮ್ಮ ಮನೆಯ ಮಾಳಿಗೆಯ ಮೇಲೆ ರಾತ್ರಿಯಿಡೀ ಇಟ್ಟೆ. ಬೆಳಗ್ಗೆ ನೋಡಿದರೆ ಒಳಗೂ ಹೊರಗೂ ಒಂದೇ ಚಳಿ. ಪ್ಯಾಕ್ ಕೆಟ್ಟಿದೆಯೆಂದುಕೊಂಡು ಕೈಗೆತ್ತಿಕೊಂಡು ಅಲುಗಾಡಿಸಿದೆ. ಹತ್ತು ನಿಮಿಷದಲ್ಲಿ ಅದು ಮತ್ತೆ ಬಿಸಿಯಾಗತೊಡಗಿತು. ಆಗ ಕಾರಣ ಹೊಳೆಯಿತು. ಆ ಪ್ಯಾಕಿನೊಳಗಿರುವುದು ಕಬ್ಬಿಣದ ಪುಡಿ. ಅದು ಗಾಳಿಯಲ್ಲಿನ ಆಮ್ಲಜನಕದೊಂದಿಗೆ ಸೇರಿ ತುಕ್ಕು ಹಿಡಿಯುವಾಗ ಬಿಸಿ ಹುಟ್ಟುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಇದ್ದ ಆಮ್ಲಜನಕವನ್ನು ಮುಗಿಸಿ ಪ್ಯಾಕ್ ತಣ್ಣಗಾಗಿತ್ತು. ಒಳಗೆ ಹಾವಿದ್ದಿದ್ದರೆ ಅದರ ಉಸಿರಿನ ಪಾಲನ್ನೂ ಆ ಪ್ಯಾಕೇ ತಿಂದಿರುತ್ತಿತ್ತು ಎಂದು ನೆನೆದಾಗ ನನಗೆ ನಿಜವಾಗಿಯೂ ಮೈ ನಡುಗಿತು.

ಎರಡನೆಯ ರಾತ್ರಿ ಗಾಳಿಗೆಂದು ಪೆನ್ಸಿಲ್ ಗಾತ್ರದ ಎಂಟು ತೂತು ಕೊರೆದೆ. ಈಗ ಪ್ಯಾಕ್ ಉರಿಯಿತು, ಆದರೆ ಅದರ ಮಗ್ಗುಲಲ್ಲಿ 44 ಡಿಗ್ರಿ, ಎದುರಿನ ಮೂಲೆಯಲ್ಲಿ 19. ಸಾಗಣೆಗೆಂದೇ ಮಾಡಿದ ಪ್ಯಾಕ್‌ಗಳು ನಿಧಾನವಾಗಿ, ಮಂದವಾಗಿ ಉರಿಯುತ್ತವೆ. ಜೇಬಿನ ಪ್ಯಾಕ್‌ಗಳು ಹಾಗಲ್ಲ. ಚೀಲದೊಳಗೆ ಕಟ್ಟಿಹಾಕಿದ ಹಾವಿಗೆ ಬಿಸಿಯಿಂದ ಸರಿದು ದೂರ ಹೋಗುವ ಅವಕಾಶವಿರುವುದಿಲ್ಲ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಆರೋಗ್ಯವಂತ ಬಾಲ್ ಪೈಥಾನ್ ಕೆಲವು ಗಂಟೆ 20 ಡಿಗ್ರಿಯಲ್ಲಿದ್ದರೆ ಮಂಕಾಗುತ್ತದೆ, ಆದರೆ ಬದುಕುತ್ತದೆ, ಅದೇ 40 ಡಿಗ್ರಿ ದಾಟಿದ ಡಬ್ಬಿಯಲ್ಲಿ ಬಹಳ ಬೇಗ ಸಾಯುತ್ತದೆ. ಚಳಿಗೆ ಹೆದರಿ ಅತಿಯಾಗಿ ಬಿಸಿ ಕೊಟ್ಟು ಹಾವನ್ನು ಕಳೆದುಕೊಳ್ಳುವುದು ಚಳಿಯಿಂದ ಕಳೆದುಕೊಳ್ಳುವುದಕ್ಕಿಂತ ಸುಲಭ.

ಕೊನೆಗೆ ನನಗೆ ಒಪ್ಪಿಗೆಯಾದದ್ದು ಬರಿಯ ನೀರು. ಒಂದೊಂದು ಲೀಟರಿನ ಎರಡು ಗಟ್ಟಿ ಬಾಟಲಿಗಳಲ್ಲಿ 38 ಡಿಗ್ರಿಯ ನೀರು ತುಂಬಿ, ಬಿಗಿಯಾಗಿ ಮುಚ್ಚಿ, ತಲೆಕೆಳಗೆ ಹಿಡಿದು ಸೋರುವುದಿಲ್ಲವೆಂದು ಖಚಿತಪಡಿಸಿಕೊಂಡು, ದಪ್ಪ ಟವೆಲ್ ಸುತ್ತಿ ಡಬ್ಬಿಯ ಎರಡು ತುದಿಗಳಲ್ಲಿ ನಿಲ್ಲಿಸಿದೆ. ನಡುವಿನ ಜಾಗಕ್ಕೆ ತಾಗದಂತೆ ರಟ್ಟಿನ ಅಡ್ಡಗೋಡೆ ಕೊಟ್ಟೆ. ನೀರು ತಾನಿರುವುದಕ್ಕಿಂತ ಹೆಚ್ಚು ಬಿಸಿಯಾಗಲಾರದು; ಆದ್ದರಿಂದ ನಾನು ಮಲಗಿದ್ದಾಗಲೂ ಅದು ಹಾವನ್ನು ಸುಡಲಾರದು. ಡಬ್ಬಿಯ ಮೇಲೆ, ತೂತುಗಳನ್ನು ಬಿಟ್ಟು, ನಮ್ಮತ್ತೆ ಹಳೆಯ ಇಳಕಲ್ ಸೀರೆಗಳಿಂದ ಹೊಲಿದಿದ್ದ ಕೌದಿ ಹೊದಿಸಿದೆ. ಹೊರಗೆ 13 ಡಿಗ್ರಿಯಿದ್ದ ಆ ರಾತ್ರಿ ನಾಲ್ಕು ಗಂಟೆಯ ನಂತರವೂ ಒಳಗೆ 23 ಡಿಗ್ರಿ ಇತ್ತು, ಬೆಳಗಿನ ಆರಕ್ಕೆ 17ಕ್ಕೆ ಇಳಿದಿತ್ತು. ಕಾರಿನ ಬೆಚ್ಚನೆಯ ಒಳಭಾಗದಲ್ಲಿ ಇದಕ್ಕಿಂತ ಚೆನ್ನಾಗಿಯೇ ಇರುತ್ತದೆ, ಮೂರು ಗಂಟೆಗೊಮ್ಮೆ ನೀರು ಬದಲಿಸಿದರೆ ಸಾಕು ಎಂಬ ಧೈರ್ಯ ಬಂದದ್ದು ಆಗ. ಹಾವಿಗೆ ಬಿಸಿ ಕೊಡುವುದು ನಮ್ಮ ಕೆಲಸವಲ್ಲ, ಅದರಲ್ಲಿರುವ ಬಿಸಿ ಸೋರಿಹೋಗದಂತೆ ಕಾಯುವುದು ನಮ್ಮ ಕೆಲಸ ಎಂಬುದು ಆ ಮೂರು ರಾತ್ರಿಗಳಲ್ಲಿ ನನಗೆ ಮನದಟ್ಟಾಯಿತು.

ಗೆಳೆಯರು ನನ್ನ ಮಾತಿನಂತೆ 1,450 ಗ್ರಾಂ ತೂಕದ ಹೆಣ್ಣಿಗೆ ಹತ್ತು ದಿನ, 310 ಗ್ರಾಂ ತೂಕದ ಚಿಕ್ಕ ಗಂಡಿಗೆ ಏಳು ದಿನ ಮೊದಲೇ ಆಹಾರ ನಿಲ್ಲಿಸಿದ್ದರು; ನೀರನ್ನು ಮಾತ್ರ ಕೊನೆಯ ದಿನದವರೆಗೂ ಇಟ್ಟಿದ್ದರು. ಪ್ರಯಾಣದ ಡಬ್ಬಿಯಲ್ಲಿ ನೀರಿನ ಬಟ್ಟಲು ಇಡಬಾರದು. ಅದು ಚೆಲ್ಲುತ್ತದೆ, ಒದ್ದೆಯಾದ ಹಾವು ಒಣಗಿದ ಹಾವಿಗಿಂತ ಎಷ್ಟೋ ಬೇಗ ತಣ್ಣಗಾಗುತ್ತದೆ. ಒಂದೊಂದು ಹಾವನ್ನೂ ಬೇರೆ ಬೇರೆ ಹತ್ತಿ ದಿಂಬಿನ ಗವಸಿನೊಳಗೆ ಬಿಟ್ಟೆವು. ಗವಸನ್ನು ಒಳಮೈ ಹೊರಗಾಗುವಂತೆ ತಿರುವಿರಬೇಕು, ಇಲ್ಲದಿದ್ದರೆ ಹೊಲಿಗೆಯ ಬಿಡಿದಾರ ಹಾವಿನ ಬಾಲಕ್ಕೋ ಹಲ್ಲಿಗೋ ಸಿಕ್ಕಿಕೊಳ್ಳುತ್ತದೆ. ಬಾಯಿಯನ್ನು ತಿರುಚಿ ಗಂಟು ಹಾಕುವ ಮುನ್ನ ಹಾವು ಗಂಟಿನಿಂದ ಕೆಳಗಿದೆಯೇ ಎಂದು ಬಟ್ಟೆಯ ಮೇಲಿಂದ ಕೈಯಾಡಿಸಿ ನೋಡಿದೆ. ಚೀಲಗಳ ಸುತ್ತ ಮುದ್ದೆ ಮಾಡಿದ ವೃತ್ತಪತ್ರಿಕೆ ತುಂಬಿದೆ. ಅದು ಅಲುಗಾಟವನ್ನೂ ತಡೆಯುತ್ತದೆ, ನಡುವೆ ಗಾಳಿಯನ್ನು ಹಿಡಿದಿಟ್ಟು ಬಿಸಿಯನ್ನೂ ಉಳಿಸುತ್ತದೆ.

ರಾತ್ರಿ ಒಂಬತ್ತಕ್ಕೆ ಹೊರಟೆವು. ಅಕ್ಕನ ಮಗ ಜೊತೆಗಿದ್ದುದರಿಂದ ಸರದಿಯ ಮೇಲೆ ಓಡಿಸಲು ಅನುಕೂಲವಾಯಿತು. ಡಬ್ಬಿಯನ್ನು ಡಿಕ್ಕಿಯಲ್ಲಿಡದೆ ಹಿಂದಿನ ಸೀಟಿನ ಮೇಲೆ ಬೆಲ್ಟ್ ಹಾಕಿ ಕೂರಿಸಿದ್ದೆವು. ಹೀಟರಿನ ಗಾಳಿ ನೇರವಾಗಿ ಅದರ ಮೇಲೆ ಬೀಸದಂತೆ ತಿರುಗಿಸಿ, ಹಿಂದಿನ ಸೀಟಿನ ಬಳಿ 24 ಡಿಗ್ರಿ ಇರುವಂತೆ ನೋಡಿಕೊಂಡೆವು. ಹೊರಡುವಾಗ ಡಬ್ಬಿಯೊಳಗೆ 28 ಡಿಗ್ರಿ. ಚಿತ್ರದುರ್ಗ ತಲುಪಿದಾಗ ಹನ್ನೆರಡೂವರೆ, ಒಳಗೆ 26. ಅಲ್ಲಿ ಫ್ಲಾಸ್ಕಿನ ಬಿಸಿನೀರನ್ನು ಬಾಟಲಿಯ ತಣ್ಣೀರಿಗೆ ಬೆರೆಸಿ, ಅಳೆದು, ಮತ್ತೆ 38ಕ್ಕೆ ತಂದು ಇಟ್ಟೆವು.

ರಾಣೆಬೆನ್ನೂರು ದಾಟುವಾಗ ಹಿಂದಿನ ಚಕ್ರ ಪಂಕ್ಚರ್ ಆಯಿತು. ಸಮಯ ಎರಡೂವರೆ, ಹೊರಗೆ ಮೈ ಕೊರೆಯುವ ಗಾಳಿ. ಹೆದ್ದಾರಿಯ ಪಕ್ಕದ ಪಂಕ್ಚರ್ ಅಂಗಡಿಯ ಹಿರಿಯರು ಹಾಸಿಗೆಯಿಂದ ಎದ್ದು ಬಂದು, ಕಿಟಕಿಯೊಳಗೆ ಬ್ಯಾಟರಿ ಬಿಟ್ಟು ನೋಡಿ ಕೇಳಿದರು: "ಒಳಗ ಕೂಸು ಮಲಗೇತೇನ್ರಿ ಸಾಹೇಬ್ರ? ಕೌದಿ ಹೊಚ್ಚೀರಿ."

"ಕೂಸಲ್ರಿ ಕಾಕಾ, ಎರಡು ಸಾಕಿದ ಜೀವ ಅದಾವು. ಥಂಡಿ ಆಗಬಾರ್ದು," ಎಂದೆ.

"ಹಂಗಾರ ಬಾಗಲಾ ತಗೀಬ್ಯಾಡ್ರಿ. ನಾ ಹೊರಗಿಂದನ ಮಾಡ್ತೀನಿ," ಎಂದವರು ಮತ್ತೇನನ್ನೂ ಕೇಳಲಿಲ್ಲ. ಎಂಜಿನ್ ನಿಲ್ಲಿಸಿದ್ದರಿಂದ ಹೀಟರ್ ಇರಲಿಲ್ಲ. ಐವತ್ತು ನಿಮಿಷ ನಾನು ಗಾಜಿನಾಚೆಗೆ ನಿಂತು ಕೌದಿಯ ಮೇಲಿಟ್ಟಿದ್ದ ಥರ್ಮಾಮೀಟರನ್ನೇ ನೋಡುತ್ತಿದ್ದೆ: 26.9, 26.4, 25.8, ಕೊನೆಗೆ 25.4. ಅಷ್ಟು ಹೊತ್ತಿನ ಚಳಿಗೆ ಒಂದೂವರೆ ಡಿಗ್ರಿ ಮಾತ್ರ ಇಳಿದಿತ್ತು. ಮಾಳಿಗೆಯ ಮೇಲೆ ಕಳೆದ ಮೂರು ರಾತ್ರಿಗಳು ಅಲ್ಲಿ ನನ್ನ ಕೈಹಿಡಿದವು. ಮತ್ತೊಮ್ಮೆ ನೀರು ಬದಲಿಸಿ ಹೊರಟೆವು. ಹುಬ್ಬಳ್ಳಿ, ಧಾರವಾಡ, ಕಿತ್ತೂರು ಹೇಗೆ ದಾಟಿದವೋ ತಿಳಿಯಲಿಲ್ಲ. ಮನೆ ತಲುಪಿದಾಗ ಆರೂವರೆ.

ಮನೆಯಲ್ಲಿ ಎರಡು ಗೂಡುಗಳನ್ನು ಹಿಂದಿನ ದಿನದಿಂದಲೇ ಬಿಸಿ ಮಾಡಿಸಿಟ್ಟಿದ್ದೆ. ಥರ್ಮೋಸ್ಟಾಟ್ ಹಾಕಿದ ಬಿಸಿ ಮಗ್ಗುಲಲ್ಲಿ 32, ತಂಪು ಮಗ್ಗುಲಲ್ಲಿ 26 ಡಿಗ್ರಿ. ಹಾವುಗಳನ್ನು ಒಮ್ಮೆಗೇ ಬಿಸಿಯ ಮೇಲೆ ಬಿಡದೆ, ತಂಪು ಮಗ್ಗುಲಲ್ಲಿಟ್ಟು ಚೀಲದ ಗಂಟು ಬಿಚ್ಚಿದೆ. ಬೇಕೆನಿಸಿದಾಗ ಅವೇ ಬಿಸಿಯ ಕಡೆಗೆ ಹೋಗಲಿ ಎಂದು. ಗಂಡು ತಾನಾಗಿಯೇ ಹೊರಗೆ ಬಂದು ನಾಲಿಗೆ ಚಾಚುತ್ತ ಮರೆಗೂಡಿನೊಳಗೆ ಸೇರಿತು. ಹೆಣ್ಣು ಬರಲಿಲ್ಲ. ಗವಸನ್ನು ಮೆಲ್ಲಗೆ ಕೆಳಗೆ ಸರಿಸಿದೆ. ತಲೆ ಕಾಣದಂತೆ, ಸಂದಿಯೇ ಇಲ್ಲದಂತೆ, ಎರಡು ಬೊಗಸೆ ತುಂಬುವ ಒಂದು ಗಟ್ಟಿ ಚೆಂಡಾಗಿ ಅದು ಕುಳಿತಿತ್ತು. ಸುಮಾರು ಆರು ವರ್ಷದ ಹಿಂದೆ ಬಸ್ ನಿಲ್ದಾಣದಲ್ಲಿ ನಾನು ಕಾಣದೇ ಹೋದದ್ದು ಅದೇ ಚೆಂಡು. ಸ್ವಲ್ಪ ಹೊತ್ತು ಅಲ್ಲಿಂದ ಏಳಲಾಗಲಿಲ್ಲ.

ಒಂದು ವಾರ ಯಾರೂ ಅವನ್ನು ಮುಟ್ಟಲಿಲ್ಲ, ಆಹಾರವನ್ನೂ ಕೊಡಲಿಲ್ಲ; ಬಟ್ಟಲಿನ ನೀರನ್ನು ಮಾತ್ರ ಬದಲಿಸುತ್ತಿದ್ದೆ. ದಿನಕ್ಕೆರಡು ಬಾರಿ ಗೂಡಿನ ಬಳಿ ಕಿವಿಯಿಟ್ಟು ಉಸಿರಿನ ಸದ್ದು ಕೇಳಿದೆ. ಸಿಳ್ಳೆಯಿಲ್ಲ, ಬಾಯಿ ತೆರೆದು ಉಸಿರಾಡುವುದಿಲ್ಲ, ನೊರೆಯಿಲ್ಲ. ಗಂಡು ಎಂಟನೆಯ ದಿನ ಇಲಿ ತಿಂದಿತು. ಹೆಣ್ಣು ಎರಡು ಬಾರಿ ಕೊಟ್ಟ ಇಲಿಯನ್ನು ಮೂಸಿ ಬಿಟ್ಟಿತು. ಜಾಗ ಬದಲಾದಾಗ ಈ ಜಾತಿಯ ಹಾವು ವಾರಗಟ್ಟಲೆ ಉಪವಾಸ ಮಾಡುವುದು ಸಹಜವಾದ್ದರಿಂದ ನಾನು ಒತ್ತಾಯಿಸಲಿಲ್ಲ, ವಾರಕ್ಕೊಮ್ಮೆ ತೂಕ ಮಾತ್ರ ನೋಡುತ್ತಿದ್ದೆ. ಹತ್ತೊಂಬತ್ತನೆಯ ದಿನ ರಾತ್ರಿ ದೀಪ ಆರಿಸಿ, ಬೆಚ್ಚಗೆ ಮಾಡಿದ ಇಲಿಯನ್ನು ಮರೆಗೂಡಿನ ಬಾಯಿಯಲ್ಲಿಟ್ಟು ಹೊರಗೆ ಬಂದೆ. ಬೆಳಗ್ಗೆ ಹೋಗಿ ನೋಡಿದಾಗ ಇಲಿ ಇರಲಿಲ್ಲ. ಅಂದೇ ಗೆಳೆಯರಿಗೆ ತಿಳಿಸಿದೆ.